ಬೆಂಗಳೂರಿನ ಲೆಕ್ಕ, ಮುಂಬೈನ ಸೆಖೆ: ನೀವು ಕಟ್ಟಿಕೊಟ್ಟ ಸಮುದ್ರ ಅಕ್ವೇರಿಯಂ ಬಗ್ಗೆ ದೂರು

ಮುಲುಂಡ್, ಮುಂಬೈ
4 ಆಗಸ್ಟ್ 2025

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಪ್ರಧಾನ ಕಚೇರಿ, ಬೆಂಗಳೂರು

ವಿಷಯ: ಟ್ಯಾಂಕಿನ ಬಿಸಿ ಮತ್ತು ತೇವ ಹೊರಹೋಗಲು ವ್ಯವಸ್ಥೆ ಮಾಡದೆ ಆದ ನಷ್ಟ, ದುರಸ್ತಿ ಮತ್ತು ಪರಿಹಾರ ಕೋರಿ

ಮಾನ್ಯರೇ,

ನಿಮ್ಮ ಮುಂಬೈ ಶಾಖೆಗೆ ಮೇ ತಿಂಗಳಿಂದ ಏಳು ಮೇಲ್ ಕಳಿಸಿದ್ದೇನೆ. ಏಳಕ್ಕೂ ‘ನಿಮ್ಮ ದೂರು ದಾಖಲಾಗಿದೆ’ ಎಂಬ ಒಂದೇ ಉತ್ತರ. ನಮ್ಮ ಟ್ಯಾಂಕಿನ ಡಿಸೈನ್ ಆಗಿದ್ದು ಬೆಂಗಳೂರಿನ ನಿಮ್ಮ ಆಫೀಸಿನಲ್ಲಿ. ಆಗ ಫೋನಿನಲ್ಲಿ ಮಾತಾಡಿದ್ದೆಲ್ಲ ಕನ್ನಡದಲ್ಲೇ. ಹಾಗಾಗಿ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಮ್ಮ ಹಾಲ್‌ನಲ್ಲಿರುವುದು 6 ಅಡಿ ಉದ್ದ, 2.5 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್. ನೀರು ಸೋಸಲು ಅದರ ಕೆಳಗಿಟ್ಟ ಸಂಪ್ ತೊಟ್ಟಿಯೂ ಸೇರಿ ಸುಮಾರು 1,000 ಲೀಟರ್ ಉಪ್ಪುನೀರು. ಕಳೆದ ನವೆಂಬರಿನಲ್ಲಿ ಆರ್ಡರ್ ಕೊಟ್ಟೆವು, ಫೆಬ್ರವರಿ ಮೊದಲ ವಾರ ನೀರು ತುಂಬಿಸಿದಿರಿ. ಟ್ಯಾಂಕಿಗೆ 6,40,000 ರೂಪಾಯಿ, ವರ್ಷದ ನಿರ್ವಹಣೆಗೆ 48,000 ರೂಪಾಯಿ ಕೊಟ್ಟಿದ್ದೇವೆ. ಗಾಜಿನ ಕೆಲಸ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಮನೆಗೆ ಬಂದ ನಿಮ್ಮ ಹುಡುಗರೂ ಶ್ರದ್ಧೆಯಿಂದ ಕೆಲಸ ಮಾಡಿದ್ದಾರೆ. ನನ್ನ ದೂರು ಅವರ ಮೇಲಲ್ಲ, ಡಿಸೈನ್ ಮೇಲೆ.

ಆರ್ಡರ್ ಕೊಡುವ ಮೊದಲೇ ನಾನು ಒಂದು ಪ್ರಶ್ನೆ ಬರೆದು ಕೇಳಿದ್ದೆ. ‘ಮುಂಬೈಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸೆಖೆ. ಟ್ಯಾಂಕಿನ ಬಿಸಿ ಎಲ್ಲಿಗೆ ಹೋಗುತ್ತೆ? ಅದರಿಂದ ಆವಿಯಾಗುವ ನೀರು ಎಲ್ಲಿಗೆ ಹೋಗುತ್ತೆ?’ ನಿಮ್ಮ ಡಿಸೈನರ್ ಕೊಟ್ಟ ಉತ್ತರ ಇದು: ‘ಚಿಂತೆ ಬೇಡ ಮೇಡಂ, ಬೆಂಗಳೂರಿನಲ್ಲಿ ಇಷ್ಟೇ ದೊಡ್ಡ ಟ್ಯಾಂಕ್‌ಗಳಿಗೆ ಫ್ಯಾನ್ ಹಾಕಿದ್ದೇವೆ, ಸಾಕಾಗಿದೆ.’ ಆ ಮೇಲ್ ಲಗತ್ತಿಸಿದ್ದೇನೆ. ಆಮೇಲೆ ಆದದ್ದಕ್ಕೆಲ್ಲ ಆ ಒಂದು ಉತ್ತರವೇ ಮೂಲ.

ನನ್ನ ತವರು ಕಲಬುರಗಿ, ಅತ್ತೆ ಮನೆ ಕಾರವಾರ. ಕಲಬುರಗಿಯ ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅದೇ ಮಡಕೆಯನ್ನು ಕಾರವಾರದಲ್ಲಿಟ್ಟರೆ ಅಷ್ಟು ತಣ್ಣಗಾಗುವುದಿಲ್ಲ. ಮಡಕೆ ಬೇರೆಯಲ್ಲ, ಗಾಳಿ ಬೇರೆ. ಒಣ ಗಾಳಿಗೆ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಗಾಳಿಯೇ ತೇವದಿಂದ ತುಂಬಿದ್ದರೆ ಆವಿ ಹೋಗಲು ಜಾಗವೆಲ್ಲಿ? ಟ್ಯಾಂಕಿನ ಮೇಲೆ ಫ್ಯಾನ್ ಹಾಕುವುದೂ ಇದೇ ಕೆಲಸಕ್ಕೆ ತಾನೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನ ಗಾಳಿಗೆ ಮಾಡಿದ ಲೆಕ್ಕವನ್ನು ನೀವು ಸಮುದ್ರದ ಪಕ್ಕದ ಊರಿಗೆ ಹಾಗೇ ತಂದಿರಿ.

ನಾನು ದಿನಾ ಬೆಳಿಗ್ಗೆ, ರಾತ್ರಿ ಬಿಸಿ, ತೇವ, ಉಪ್ಪಿನ ಪ್ರಮಾಣ ಬರೆದಿಡುತ್ತೇನೆ. ಹಿಂದಿನ ಚಿಕ್ಕ ಟ್ಯಾಂಕಿನಿಂದ ಬಂದ ಅಭ್ಯಾಸ. ಆ ಪುಸ್ತಕದ ಪ್ರಕಾರ ಫೆಬ್ರವರಿಯಲ್ಲಿ ಹಾಲ್‌ನ ತೇವಾಂಶ ಶೇ 45ರ ಆಸುಪಾಸು ಇತ್ತು. ನೀರು 25.5 ಡಿಗ್ರಿಯಲ್ಲಿ ನಿಂತಿತ್ತು. ದಿನಕ್ಕೆ 11 ಲೀಟರ್ ಆರ್‌ಒ ನೀರು ಟಾಪ್-ಅಪ್ ಆಗುತ್ತಿತ್ತು, ಅಂದರೆ ಅಷ್ಟು ನೀರು ಆವಿಯಾಗುತ್ತಿತ್ತು. ಒಂದು ಲೀಟರ್ ಆವಿಯಾಗುವಾಗ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 0.67 ಯೂನಿಟ್‌ನಷ್ಟು (ಕಿಲೋವಾಟ್-ಗಂಟೆ) ಬಿಸಿ ಹೊರಡುತ್ತದೆ. 11 ಲೀಟರಿಗೆ 7.4 ಯೂನಿಟ್. ಈಗ ಇನ್ನೊಂದು ಕಡೆ ನೋಡಿ. ಸಂಪ್‌ನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್ 85 ವಾಟ್, ಅಲೆ ಎಬ್ಬಿಸುವ ನಾಲ್ಕು ವೇವ್‌ಮೇಕರ್ ಸೇರಿ 120, ನೊರೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್ 40, ರೋಗಾಣು ಕೊಲ್ಲುವ ಯುವಿ ದೀಪ 55. ಒಟ್ಟು 300 ವಾಟ್, ಹಗಲು ರಾತ್ರಿ. ದಿನಕ್ಕೆ 7.2 ಯೂನಿಟ್, ಬಹುಪಾಲು ನೀರಿಗೇ ಸೇರುವ ಬಿಸಿ. ನಾಲ್ಕು ಎಲ್‌ಇಡಿ ದೀಪಗಳ 480 ವಾಟ್ ಇದರಲ್ಲಿ ಸೇರಿಯೇ ಇಲ್ಲ. ಫೆಬ್ರವರಿಯಲ್ಲಿ ಪಂಪುಗಳು ಕೊಟ್ಟ ಬಿಸಿಯನ್ನು ಆವಿ ಹೊತ್ತುಕೊಂಡು ಹೋಗುತ್ತಿತ್ತು. ಅದಕ್ಕೇ ಎಲ್ಲವೂ ಸರಿಯಾಗಿ ಕಂಡಿತು. ಜೂನ್‌ನಲ್ಲಿ ತೇವಾಂಶ ಶೇ 88. ದಿನಕ್ಕೆ ಆವಿಯಾದದ್ದು 3 ಲೀಟರ್, ಹೊರಟ ಬಿಸಿ 2 ಯೂನಿಟ್. ಸಾವಿರ ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು 1.16 ಯೂನಿಟ್ ಸಾಕು. ಉಳಿದ ಬಿಸಿ ಎಲ್ಲಿ ಕೂತಿತು ಎಂದು ನೀವೇ ಲೆಕ್ಕ ಹಾಕಿ. ಜುಲೈಯಲ್ಲಿ ಇಲ್ಲಿ ಫ್ಯಾನ್ ಕೆಳಗೆ ಹರಡಿದ ಬಟ್ಟೆಯೇ ಎರಡು ದಿನವಾದರೂ ಒಣಗುವುದಿಲ್ಲ. ಇದು ಮುಂಬೈಯ ಯಾವ ಮನೆಯಲ್ಲಿ ಕೇಳಿದರೂ ಗೊತ್ತಾಗುವ ವಿಷಯ.

ಏಪ್ರಿಲ್‌ನಲ್ಲಿ ನೀರು 28 ದಾಟಿದಾಗ ನಾನು ಫೋನ್ ಮಾಡಿದೆ. ನೀವು ನೀರು ತಣ್ಣಗೆ ಮಾಡುವ ಕಾಲು ಎಚ್‌ಪಿ ಚಿಲ್ಲರ್ ಕಳಿಸಿದಿರಿ, ಅದಕ್ಕೆ ಬೇರೆ ಬಿಲ್. ಅದನ್ನು ಟ್ಯಾಂಕಿನ ಕೆಳಗಿನ ಪ್ಲೈ ಕ್ಯಾಬಿನೆಟ್ಟಿನೊಳಗೆ, ಸಂಪ್ ತೊಟ್ಟಿಯ ಪಕ್ಕದಲ್ಲೇ ಕೂರಿಸಿ ಬಾಗಿಲು ಮುಚ್ಚಿ ಹೋದರು. ನೋಡಲು ಅಂದವಾಗಿತ್ತು. ಆದರೆ ಚಿಲ್ಲರ್ ಬಿಸಿಯನ್ನು ಮಾಯ ಮಾಡುವುದಿಲ್ಲ, ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಬಿಡುತ್ತದೆ ಅಷ್ಟೆ. ನೀರಿನಿಂದ ತೆಗೆದ ಬಿಸಿಯ ಜೊತೆಗೆ ಅದರ ಕಂಪ್ರೆಸರಿನ ಬಿಸಿಯೂ ಸೇರುತ್ತದೆ. ಅಷ್ಟನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಟ್ಟು, ಅದೇ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತಿತ್ತು. ಮೇ 12ರಂದು ಕ್ಯಾಬಿನೆಟ್ಟಿನೊಳಗೆ 41 ಡಿಗ್ರಿ, ನೀರು 30.6. ಚಿಲ್ಲರ್ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ಬಾಗಿಲು ತೆರೆದಿಟ್ಟರೆ ಹಾಲ್ ಕಾಯುತ್ತಿತ್ತು. ಎಸಿ ಹಾಕಿದರೆ ಚಿಲ್ಲರ್ ಹಾಲ್‌ಗೆ ಬಿಟ್ಟ ಬಿಸಿಯನ್ನೆಲ್ಲ ಎಸಿ ಮತ್ತೆ ಹೊತ್ತು ಹೊರಹಾಕಬೇಕಾಗುತ್ತಿತ್ತು. ಮೇ ತಿಂಗಳ ಕರೆಂಟ್ ಬಿಲ್ ಲಗತ್ತಿಸಿದ್ದೇನೆ.

ಇನ್ನು ಹವಳಗಳ ವಿಷಯ. ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವು ನಮಗೆ ಬೇಡವೇ ಬೇಡ ಎಂದು ಮೊದಲ ದಿನವೇ ಹೇಳಿದ್ದೆ. ನಮ್ಮಲ್ಲಿದ್ದವು ಮೆತ್ತನೆಯ ಜಾತಿಗಳು, ಲೆದರ್ ಹವಳ, ಜೋವಾಂಥಿಡ್, ಮಶ್ರೂಮ್. ಅಣಬೆಯ ಹಾಗೆ ಅಂಗೈ ಅಗಲ ಬೆಳೆದ ಒಂದು ಲೆದರ್ ಹವಳ ಆರು ವರ್ಷದಿಂದ ನಮ್ಮ ಜೊತೆ ಇತ್ತು. ಬಂದಾಗ ಅದು ಹೆಬ್ಬೆರಳಿನಷ್ಟಿತ್ತು. ನನ್ನ ಮಗಳು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ದಿನಾ ಶಾಲೆಗೆ ಹೋಗುವ ಮೊದಲು ಅದು ಅರಳಿದೆಯಾ ಎಂದು ನೋಡಿಯೇ ಹೊರಡುವುದು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬೆಳಕಿನಿಂದ ಊಟ ಮಾಡಿ ಹವಳಕ್ಕೂ ಕೊಡುವುದು ಅದೇ. ನೀರು ತುಂಬಾ ದಿನ ಬಿಸಿಯಾಗಿಯೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಮೇ ಮೂರನೇ ವಾರದಲ್ಲಿ ನಮ್ಮ ಲೆದರ್ ಹವಳ ಕಂದು ಬಣ್ಣ ಕಳೆದುಕೊಂಡಿತು, ಮುದುಡಿಕೊಂಡಿತು. ಜೂನ್ 9ರಂದು ಬುಡದಿಂದ ಕೊಳೆತು ಬಿದ್ದುಹೋಯಿತು. ಹಳೆಯ ಚಿಕ್ಕ ಟ್ಯಾಂಕಿನಲ್ಲಿ ಆರು ಬೇಸಿಗೆ ಕಳೆದ ಜೀವ ಅದು.

ಜೂನ್ 27ರ ರಾತ್ರಿ ಆದದ್ದು ಇನ್ನೂ ಕೆಟ್ಟದ್ದು. ಎಲ್ಲ ಪ್ಲಗ್‌ಗಳ ಬೋರ್ಡನ್ನು ನೀವು ಅದೇ ಕ್ಯಾಬಿನೆಟ್ಟಿನೊಳಗೆ, ಸಂಪ್ ತೊಟ್ಟಿಯಿಂದ ಒಂದು ಅಡಿ ಮೇಲೆ ಹಾಕಿದ್ದೀರಿ. ಒಳಗೆ ಸ್ಕಿಮ್ಮರಿನ ಉಪ್ಪು ತುಂತುರು, ಚಿಲ್ಲರಿನ ಬಿಸಿ, ಮಳೆಗಾಲದ ತೇವ. ಬೋರ್ಡಿನ ತಾಮ್ರ ಹಸಿರುಗಟ್ಟಿ, ಉಪ್ಪು ಪುಡಿ ಕಟ್ಟಿಕೊಂಡಿತ್ತು. ರಾತ್ರಿ ಯಾವುದೋ ಹೊತ್ತಿನಲ್ಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ ಬಿತ್ತು. ಬಿದ್ದದ್ದು ಒಳ್ಳೆಯದೇ, ಇಲ್ಲದಿದ್ದರೆ ಬೆಳಿಗ್ಗೆ ಕೈ ಹಾಕಿದ ನನಗೆ ಶಾಕ್ ಹೊಡೆಯುತ್ತಿತ್ತು. ಆದರೆ ಪಂಪುಗಳೆಲ್ಲ ನಿಂತವು. ಬಿಸಿ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. ಮೇಲಿನ ನೀರು ಅಲುಗಾಡದಿದ್ದರೆ ಹೊಸದಾಗಿ ಕರಗುವುದೂ ಕಡಿಮೆ. ಆರು ಗಂಟೆಗೆ ನಾನು ಎದ್ದಾಗ ಐದು ಮೀನಿನಲ್ಲಿ ಮೂರು ಸತ್ತಿದ್ದವು. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿಯಲ್ಲಿ ದೊಡ್ಡದು, ಅಂದರೆ ಹೆಣ್ಣು, ಹೋಗಿತ್ತು. ಚಿಕ್ಕದು ಇನ್ನೂ ಅದೇ ಮೂಲೆಯಲ್ಲಿ ಒಂಟಿಯಾಗಿ ಸುತ್ತುತ್ತಿದೆ.

ಜುಲೈ ಮೊದಲ ವಾರ ಕ್ಯಾಬಿನೆಟ್ಟಿನ ಬಾಗಿಲನ್ನೇ ಕಳಚಿಟ್ಟೆವು. ಚಿಲ್ಲರಿಗೆ ಗಾಳಿ ಸಿಕ್ಕಿ ರಾತ್ರಿ ಹೊತ್ತು ನೀರು 25ಕ್ಕೆ ಇಳಿಯಿತು. ಆಗ ಬೆಳಗಿನ ಜಾವ ಗಾಜಿನ ಹೊರಮೈಯಿಂದ ನೀರು ಇಳಿದು ಕೆಳಗಿನ ಪ್ಲೈ ನೆನೆಯತೊಡಗಿತು. ನಿಮ್ಮ ಶಾಖೆಯವರು ಬಂದು ನೋಡಿ ಸೋರಿಕೆ ಇರಬಹುದು ಎಂದು ಬರೆದುಕೊಂಡರು, ಭೇಟಿಗೆ 1,500 ರೂಪಾಯಿ ತೆಗೆದುಕೊಂಡರು. ಅವರು ಹೋದ ಮೇಲೆ ನಾನು ಆ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪೇ ಇರಲಿಲ್ಲ. ಅದು ಟ್ಯಾಂಕಿನ ನೀರಲ್ಲ, ಗಾಳಿಯ ನೀರು. ಹಾಲ್ 29 ಡಿಗ್ರಿ, ತೇವಾಂಶ ಶೇ 88 ಇದ್ದರೆ 25 ಡಿಗ್ರಿಯ ಗಾಜು ಬೆವರಲೇಬೇಕು, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ಇಂಥ ಟ್ಯಾಂಕ್‌ಗಳನ್ನೇ ಕಟ್ಟುವ ಕಂಪನಿಗೆ ಇದು ಹೊಳೆಯಬೇಕಿತ್ತು ಅಲ್ವಾ? ಈಗ ಪ್ಲೈ ಉಬ್ಬಿದೆ. ಟ್ಯಾಂಕಿನ ಹಿಂದಿನ ಗೋಡೆಯ ತುಂಬ ಕಪ್ಪು ಬೂಷ್ಟು. ನನ್ನ ಅತ್ತೆಗೆ ಉಬ್ಬಸವಿದೆ. ಅವರ ಮಂಚವನ್ನು ಹಾಲ್‌ನಿಂದ ಒಳಕೋಣೆಗೆ ಸಾಗಿಸಿದ್ದೇವೆ.

ಈಗ ನಿಮ್ಮ ಶಾಖೆ 18,000 ರೂಪಾಯಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎನ್ನುತ್ತಿದೆ. ಜನವರಿಯಲ್ಲಾದರೆ ಒಪ್ಪುತ್ತಿದ್ದೆ. ಜುಲೈಯಲ್ಲಿ ಒಳಗಿನ ತೇವದ ಗಾಳಿಯನ್ನು ಹೊರಹಾಕಿದರೆ ಅದರ ಜಾಗಕ್ಕೆ ಬರುವುದು ಹೊರಗಿನ ಶೇ 90ರ ಗಾಳಿ. ಮಳೆಗಾಲದಲ್ಲಿ ಒಣ ಗಾಳಿಯನ್ನು ನಾವೇ ಮಾಡಿಕೊಳ್ಳಬೇಕು, ಎಸಿಯಿಂದಲೋ ಡಿಹ್ಯೂಮಿಡಿಫೈಯರ್‌ನಿಂದಲೋ. ಫ್ಯಾನ್ ಮೇಲೆ ಫ್ಯಾನ್ ಮಾರಿದರೆ ಇದು ಸರಿಹೋಗುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಚಿಲ್ಲರನ್ನು ಅಡುಗೆಮನೆ ಪಕ್ಕದ ಡ್ರೈ ಬಾಲ್ಕನಿಗೆ ಸಾಗಿಸಿ, ಬಿಸಿ ಅಲ್ಲೇ ಹೊರಗೆ ಹೋಗಲಿ. ಪೈಪುಗಳಿಗೆ ದಪ್ಪ ಫೋಮ್ ಸುತ್ತಿಸಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಅವೂ ಬೆವರುತ್ತವೆ. ಹೊಸ ಜಾಗದಲ್ಲೂ ಮೇ ತಿಂಗಳಿಗೆ ಕಾಲು ಎಚ್‌ಪಿ ಸಾಕೇ, ಅರ್ಧ ಬೇಕೇ ಎಂದು ಲೆಕ್ಕ ಹಾಕಿ ಬರೆದುಕೊಡಿ. ಬೇಕಿದ್ದರೆ ಬದಲಿಸಿಕೊಡಿ, ನನ್ನಿಂದ ಹಣ ಕೇಳಬೇಡಿ. ಪ್ಲಗ್ ಬೋರ್ಡ್ ಕ್ಯಾಬಿನೆಟ್ಟಿನಿಂದ ಹೊರಗೆ, ಎತ್ತರದಲ್ಲಿ ಇರಲಿ. ಇದನ್ನು ಎಲ್ಲಕ್ಕಿಂತ ಮೊದಲು, ಇದೇ ವಾರ ಮಾಡಿ. ಮನೆಯಲ್ಲಿ ಮಗುವಿದೆ. ಉಬ್ಬಿದ ಪ್ಲೈ ಟ್ಯಾಂಕಿನ ಭಾರ ಹೊತ್ತಿಲ್ಲ, ಕಬ್ಬಿಣದ ಸ್ಟ್ಯಾಂಡ್ ಹೊತ್ತಿದೆ ಎಂಬುದು ನನಗೆ ಗೊತ್ತು. ಆದರೂ ಆ ಸ್ಟ್ಯಾಂಡಿಗೆ ತುಕ್ಕು ಹಿಡಿದಿದೆಯಾ ಎಂದು ಪರೀಕ್ಷಿಸಿ ಬರೆದುಕೊಡಿ. ಹವಳ ಮತ್ತು ಮೀನುಗಳ ಬೆಲೆ 62,000 ರೂಪಾಯಿ, ಗೋಡೆ ಮತ್ತು ಪ್ಲೈ ದುರಸ್ತಿ 35,000, ತಪ್ಪಾಗಿ ತೆಗೆದುಕೊಂಡ 1,500, ಈ ವರ್ಷದ ನಿರ್ವಹಣಾ ಶುಲ್ಕ 48,000. ಒಟ್ಟು 1,46,500 ರೂಪಾಯಿ ಹಿಂತಿರುಗಿಸಿ.

ಆರು ವರ್ಷದ ಹವಳಕ್ಕೆ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಬರೆದಿರುವುದು ಹೊಸದು ಕೊಂಡರೆ ಎಷ್ಟಾಗುತ್ತದೋ ಅಷ್ಟು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಗೆ ಹೋಗುವ ಆಸೆ ನನಗಿಲ್ಲ. ಟ್ಯಾಂಕ್ ಸರಿಯಾಗಬೇಕು, ಅಷ್ಟೇ. ಉಳಿದ ಜೋವಾಂಥಿಡ್‌ಗಳು, ಎರಡು ಮೀನು ಈಗ ಹಗಲು ರಾತ್ರಿ ಓಡುವ ಎಸಿಯ ಮೇಲೆ ಬದುಕಿವೆ. ಅಕ್ಟೋಬರ್ ಬಿಸಿಲು ಶುರುವಾಗುವ ಮೊದಲು ಕೆಲಸ ಮುಗಿಯಬೇಕು.

ಪರೀಕ್ಷಿಸಲು ಕಳಿಸುವವರನ್ನು ದಯವಿಟ್ಟು ಮಧ್ಯಾಹ್ನ ಬರೀ ಅರ್ಧ ಗಂಟೆಯ ಮಟ್ಟಿಗೆ ಕಳಿಸಬೇಡಿ. ತೇವ ಅಳೆಯುವ ಮೀಟರ್ ತರಲಿ, ಸಂಜೆ ಬಂದು ಬೆಳಗಿನವರೆಗೆ ಇರಲಿ. ಊಟಕ್ಕೆ, ಮಲಗಲು ನಮ್ಮಲ್ಲೇ ವ್ಯವಸ್ಥೆ ಮಾಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ನವೆಂಬರಿನ ಮೇಲ್, ಬಿಲ್ಲುಗಳು, ಫೆಬ್ರವರಿಯಿಂದ ಜುಲೈವರೆಗಿನ ನನ್ನ ದಿನಚರಿ ಪುಟಗಳ ಪ್ರತಿ, ಬೋರ್ಡ್, ಗೋಡೆ ಮತ್ತು ಹವಳದ ಫೋಟೋಗಳು