ವೈ-ಫೈ ನಿಯಮಗಳು ಬಳಸುವವರಿಗೆ ಮಾತ್ರವೇ?

ಮಾನ್ಯ ಸಂಪಾದಕರೇ,

ಕಳೆದ ವಾರ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಓದುತ್ತಾ ಕುಳಿತಿದ್ದಾಗ, ಪಕ್ಕದ ಮೇಜಿನ ಹುಡುಗಿಯೊಬ್ಬಳು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, ‘ಸರ್, ಇವೆರಡರಲ್ಲಿ ಗ್ರಂಥಾಲಯದ್ದು ಯಾವುದು?’ ಎಂದು ಕೇಳಿದಳು. ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ವೈ-ಫೈ ಜಾಲಗಳಿದ್ದವು. ಒಂದರ ಕೊನೆಗೆ ‘ಫ್ರೀ’ ಎಂಬ ಪದ ಹೆಚ್ಚಿಗೆ ಇತ್ತು, ಅಷ್ಟೇ ವ್ಯತ್ಯಾಸ. ನನಗೆ ಗೊತ್ತಿರಲಿಲ್ಲ. ಇಬ್ಬರೂ ಹೋಗಿ ವಿಚಾರಿಸಿದರೆ ಅಲ್ಲಿದ್ದ ಸಿಬ್ಬಂದಿಗೂ ಗೊತ್ತಿರಲಿಲ್ಲ. ‘ಯಾವುದು ಸಿಗುತ್ತದೋ ಅದಕ್ಕೆ ಸೇರಿಕೊಳ್ಳಿ’ ಎಂದರು. ಅವಳು ತುಂಬಬೇಕಿದ್ದ ಅರ್ಜಿಗೆ ಅಂದೇ ಕೊನೆಯ ದಿನ.

ಆಮೇಲೆ ಗೋಡೆಯ ಮೇಲಿದ್ದ ಫಲಕವನ್ನು ಓದಿದೆ. ಆಕ್ಷೇಪಾರ್ಹ ಜಾಲತಾಣಗಳನ್ನು ನೋಡಬಾರದು, ದೊಡ್ಡ ಕಡತಗಳನ್ನು ಇಳಿಸಿಕೊಳ್ಳಬಾರದು, ನಿಗದಿತ ಸಮಯ ಮೀರಬಾರದು, ಯಾವುದೇ ನಷ್ಟಕ್ಕೆ ಆಡಳಿತ ಹೊಣೆಯಲ್ಲ. ಇವೆಲ್ಲ ಬಳಸುವವರ ಪಾಲಿನ ನಿಯಮಗಳು, ಬೇಕಾದವೇ. ಆದರೆ ಜಾಲವನ್ನು ನಡೆಸುವವರು ಏನನ್ನು ಪಾಲಿಸುತ್ತಾರೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಜಾಲದ ಸರಿಯಾದ ಹೆಸರೇ ಇರಲಿಲ್ಲ! ನನ್ನ ತಕರಾರು ಇರುವುದು ಇಲ್ಲಿ.

ಹೆಸರಿನ ಮಾತು ಸಣ್ಣದಲ್ಲ. ವೈ-ಫೈಗೆ ಯಾರು ಯಾವ ಹೆಸರನ್ನಾದರೂ ಇಡಬಹುದು. ಚೀಲದಲ್ಲಿ ಪುಟ್ಟದೊಂದು ರೂಟರ್ ಇಟ್ಟುಕೊಂಡು ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತವನು ನಿಲ್ದಾಣದ ಹೆಸರಿನಲ್ಲೇ ಜಾಲ ಹರಡಬಲ್ಲ. ಒಮ್ಮೆ ಸೇರಿದ ಜಾಲದ ಹೆಸರನ್ನು ನಮ್ಮ ಫೋನ್ ನೆನಪಿಟ್ಟುಕೊಂಡು ಮುಂದಿನ ಸಲ ನಮ್ಮನ್ನು ಕೇಳದೆಯೇ ಸೇರಿಕೊಳ್ಳುತ್ತದೆ. ಪಾಸ್‌ವರ್ಡ್ ಇಲ್ಲದ ಜಾಲದಲ್ಲಿ ಅಸಲಿ ನಕಲಿಗಳ ಭೇದ ಅದಕ್ಕೆ ತಿಳಿಯದು. ಸೇರಿದ ಕೂಡಲೇ ತೆರೆದುಕೊಳ್ಳುವ ಪುಟವೊಂದು ಇಮೇಲ್ ಪಾಸ್‌ವರ್ಡ್ ಕೇಳಿದರೆ, ಗಡಿಬಿಡಿಯಲ್ಲಿರುವ ಎಷ್ಟೋ ಜನ ಕೊಟ್ಟುಬಿಡುತ್ತಾರೆ.

ಇಷ್ಟು ಹೇಳಿದ ಮೇಲೆ ಅನಗತ್ಯ ಭಯ ಹುಟ್ಟಿಸುವುದೂ ತಪ್ಪು. 2010ರಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶವನ್ನು ಬಿಡುಗಡೆ ಮಾಡಿದಾಗ, ಅದೇ ಮುಕ್ತ ವೈ-ಫೈಯಲ್ಲಿರುವ ಬೇರೆಯವರ ಫೇಸ್‌ಬುಕ್ ಖಾತೆಯೊಳಗೆ ಒಂದೆರಡು ಕ್ಲಿಕ್‌ಗಳಲ್ಲಿ ಹೊಕ್ಕುಬಿಡಬಹುದೆಂದು ಜಗತ್ತಿಗೇ ಗೊತ್ತಾಯಿತು. ಕಂಪನಿಗಳು ಎಚ್ಚೆತ್ತುಕೊಳ್ಳಲಿ ಎಂಬುದೇ ಅವರ ಉದ್ದೇಶವಾಗಿತ್ತು. ಫೇಸ್‌ಬುಕ್ 2011ರಲ್ಲಿ, ಮಾಹಿತಿಯನ್ನು ಬೇರೆಯವರು ಓದಲಾಗದ ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್ ಆಯ್ಕೆಯನ್ನು ಕೊಟ್ಟಿತು, 2013ರ ಹೊತ್ತಿಗೆ ಅದನ್ನೇ ಎಲ್ಲರಿಗೂ ರೂಢಿಯಾಗಿಸಿತು. 2018ರಿಂದ ಕ್ರೋಮ್ ಬ್ರೌಸರ್, ಎಚ್‌ಟಿಟಿಪಿಎಸ್ ಇಲ್ಲದ ತಾಣಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಅಂಟಿಸುತ್ತಿದೆ. ಇಂದು ಬ್ಯಾಂಕು, ಇಮೇಲ್‌ಗಳ ಮಾಹಿತಿ ಗೂಢಲಿಪಿಯಲ್ಲೇ ಹರಿಯುವುದರಿಂದ ಪಕ್ಕದಲ್ಲಿ ಕುಳಿತವನಿಗೆ ಸಿಗುವುದು ಬಹುಮಟ್ಟಿಗೆ ನಾವು ಭೇಟಿ ಕೊಟ್ಟ ತಾಣದ ಹೆಸರು ಮಾತ್ರ. ಆದರೆ ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಬಳಿ ಕಾಣುವ ಬೀಗದ ಚಿಹ್ನೆಯನ್ನು ಪೂರ್ತಿ ನಂಬುವಂತಿಲ್ಲ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಅದರ ಅರ್ಥ. ಮೋಸದ ತಾಣಕ್ಕೂ ಅದೇ ಬೀಗ ಇರಬಲ್ಲದು.

ಇನ್ನೊಂದು ತಪ್ಪು ತಿಳಿವಳಿಕೆ ಆಡಳಿತದವರಲ್ಲೇ ಇದೆ. ‘ನಮ್ಮ ವೈ-ಫೈಗೆ ಪಾಸ್‌ವರ್ಡ್ ಇದೆ, ಆದ್ದರಿಂದ ಭದ್ರ’ ಎನ್ನುತ್ತಾರೆ. ಗೋಡೆಗೆ ಅಂಟಿಸಿದ ಪಾಸ್‌ವರ್ಡ್ ಬಾಗಿಲಿಗೇ ಕೀಲಿಕೈ ಕಟ್ಟಿದ ಬೀಗದಂತೆ. ಇಂದಿಗೂ ವ್ಯಾಪಕವಾಗಿರುವ ಡಬ್ಲ್ಯುಪಿಎ2 ಎಂಬ ವೈ-ಫೈ ಭದ್ರತಾ ವ್ಯವಸ್ಥೆಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ, ಅದನ್ನು ಬಲ್ಲವನು ಇನ್ನೊಬ್ಬರ ಫೋನ್ ಜಾಲಕ್ಕೆ ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡು ವೈ-ಫೈಯ ಗೂಢಲಿಪಿಯನ್ನು ಬಿಡಿಸಬಲ್ಲ. ಪರಿಹಾರ ಇಲ್ಲದೆ ಇಲ್ಲ. ಪಾಸ್‌ವರ್ಡ್ ಕೇಳದೆಯೇ ಪ್ರತಿ ಸಾಧನಕ್ಕೂ ಬೇರೆ ಬೇರೆ ಗೂಢಲಿಪಿ ಒದಗಿಸುವ ‘ಎನ್‌ಹಾನ್ಸ್ಡ್ ಓಪನ್’ ಎಂಬ ವ್ಯವಸ್ಥೆಯನ್ನು, ವೈ-ಫೈ ಮಾನದಂಡಗಳನ್ನು ನೋಡಿಕೊಳ್ಳುವ ಕಂಪನಿಗಳ ಒಕ್ಕೂಟವಾದ ವೈ-ಫೈ ಅಲಯನ್ಸ್ 2018ರಲ್ಲೇ ಪ್ರಕಟಿಸಿದೆ. ಅದು ನಕಲಿ ಜಾಲವನ್ನು ಗುರುತಿಸಿಕೊಡಲಾರದು ನಿಜ, ಆದರೆ ಕದ್ದು ಕೇಳುವುದನ್ನು ತಡೆಯುತ್ತದೆ. ಹಳೆಯ ಫೋನ್‌ಗಳಿಗಾಗಿ ಪಕ್ಕದಲ್ಲೇ ಮಾಮೂಲಿ ಜಾಲವನ್ನೂ ಇಡಲು ಅದರಲ್ಲಿ ಅವಕಾಶವಿದೆ. ಒಂದೇ ಜಾಲದಲ್ಲಿರುವ ಸಾಧನಗಳು ಒಂದನ್ನೊಂದು ತಲುಪದಂತೆ ಬೇರ್ಪಡಿಸುವ ಸೌಲಭ್ಯವಂತೂ ಸಾರ್ವಜನಿಕ ಬಳಕೆಗೆಂದು ತಯಾರಾದ ಬಹುತೇಕ ಉಪಕರಣಗಳಲ್ಲಿ ಇದ್ದೇ ಇರುತ್ತದೆ. ಯಾರಾದರೂ ಅದನ್ನು ಚಾಲೂ ಮಾಡಬೇಕು.

ಲಾಗಿನ್ ಪುಟದಲ್ಲಿ ಕೇಳುವ ಮೊಬೈಲ್ ಸಂಖ್ಯೆಯ ಕಥೆಯೂ ಹೀಗೆಯೇ. ಅದು ಏಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಜಾಹೀರಾತಿನವರ ಕೈಗೆ ಹೋಗುತ್ತದೆಯೇ? ‘ಒಪ್ಪುತ್ತೇನೆ’ ಎಂದು ಒತ್ತಿಸಿಕೊಳ್ಳುವ ಮೊದಲು ಇದನ್ನು ನಾಲ್ಕು ಸಾಲಿನಲ್ಲಿ, ಓದುವವರ ಭಾಷೆಯಲ್ಲಿ ಹೇಳಬೇಕು.

ಬಳಸುವ ನಮ್ಮ ಜವಾಬ್ದಾರಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಹೆಸರನ್ನು ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳುವುದು, ಫೋನ್ ತಾನಾಗಿ ಜಾಲಕ್ಕೆ ಸೇರುವ ಸೌಲಭ್ಯವನ್ನು ನಿಲ್ಲಿಸಿಡುವುದು, ಹೊರಡುವಾಗ ಆ ಜಾಲವನ್ನು ಫೋನ್‌ನಿಂದ ಅಳಿಸುವುದು, ಫೋನಿನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು, ಹಣದ ವ್ಯವಹಾರವನ್ನು ಸಾಧ್ಯವಾದರೆ ಮೊಬೈಲ್ ಡೇಟಾದಲ್ಲೇ ಮುಗಿಸುವುದು. ಬ್ರೌಸರ್ ಭದ್ರತಾ ಎಚ್ಚರಿಕೆ ಕೊಟ್ಟರೆ ‘ಪರವಾಗಿಲ್ಲ’ ಎಂದು ಮುಂದೆ ಹೋಗಲೇಬಾರದು. ನಮ್ಮ ಮಾಹಿತಿಯನ್ನು ಗೂಢಲಿಪಿಯಲ್ಲಿ ತನ್ನ ಮೂಲಕ ಸಾಗಿಸುವ ಉಚಿತ ವಿಪಿಎನ್ ಸೇವೆ ಹಾಕಿಕೊಂಡರೆ ಸಾಕು ಎನ್ನುವವರಿಗೆ ಒಂದು ಮಾತು: ಆಗ ನೀವು ಯಾವ ತಾಣಗಳಿಗೆ ಹೋಗುತ್ತೀರಿ ಎಂಬುದನ್ನು ಆ ವಿಪಿಎನ್ ಕಂಪನಿಯೇ ನೋಡಬಲ್ಲದು.

ಆದರೆ ‘ಸಾರ್ವಜನಿಕ ವೈ-ಫೈ ಬಳಸಲೇಬೇಡಿ’ ಎಂಬ ಉಪದೇಶ ನನಗೆ ಒಪ್ಪಿಗೆಯಿಲ್ಲ. ಡೇಟಾಕ್ಕೆ ಹಣವಿರುವವರು ಅದನ್ನು ಹುಡುಕಿಕೊಂಡು ಬರುವುದೇ ಕಡಿಮೆ. ಬರುವವರು ಅರ್ಜಿ ತುಂಬುವ ವಿದ್ಯಾರ್ಥಿಗಳು, ಕೆಲಸ ಹುಡುಕುವವರು, ಆಸ್ಪತ್ರೆಯ ಹೊರಗೆ ಮನೆಯವರಿಗೆ ಸುದ್ದಿ ಮುಟ್ಟಿಸಲು ಕಾದಿರುವವರು. ಅವರಿಗೆ ಬೇರೆ ದಾರಿ ಇಲ್ಲವೆಂದೇ ಈ ಸೌಲಭ್ಯ ಇರುವುದು.

ಆ ಹುಡುಗಿ ಕೊನೆಗೆ ನನ್ನ ಮೊಬೈಲಿನ ಹಾಟ್‌ಸ್ಪಾಟ್ ಬಳಸಿ ಅರ್ಜಿ ಸಲ್ಲಿಸಿದಳು. ಮರುದಿನ ನಾನು ಗ್ರಂಥಾಲಯಕ್ಕೆ ಲಿಖಿತ ಮನವಿ ಕೊಟ್ಟೆ: ಜಾಲದ ನಿಖರವಾದ ಹೆಸರನ್ನು ಪ್ರವೇಶದ್ವಾರದಲ್ಲೇ ದಪ್ಪ ಅಕ್ಷರಗಳಲ್ಲಿ ಬರೆಸಿ, ಲಾಗಿನ್ ಪುಟ ಏನನ್ನು ಎಂದೂ ಕೇಳುವುದಿಲ್ಲ ಎಂಬುದನ್ನು ಅದರ ಕೆಳಗೆ ನಮೂದಿಸಿ, ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ. ಇದಕ್ಕೆ ಹೊಸ ಯಂತ್ರ ಬೇಡ, ಒಂದು ಹಾಳೆ ಸಾಕು. ಆ ಎರಡನೆಯ ಜಾಲ ಯಾರದೆಂದು ಪತ್ತೆ ಹಚ್ಚುವಂತೆಯೂ ಕೇಳಿದ್ದೇನೆ. ಈ ಪತ್ರ ಬರೆಯುವವರೆಗೆ ಉತ್ತರ ಬಂದಿಲ್ಲ.

ಇಂತಿ,
ಗ್ರಂಥಾಲಯದ ಒಬ್ಬ ಓದುಗ