ಶಾಸಕರೇ, ಗಲ್ಲಿಗೇರಿಸಿದರೆ ಕೊಲೆ ನಿಲ್ಲುತ್ತಾ?

ಮಾನ್ಯ ಶಾಸಕರೇ, ನಮಸ್ಕಾರ.

ಮೊನ್ನೆ ತಾಲ್ಲೂಕು ಕಚೇರಿ ಮುಂದೆ ನೀವು ಮೈಕ್ ಹಿಡಿದು, "ನಾಲ್ಕು ಜನರನ್ನು ಗಲ್ಲಿಗೇರಿಸಿದರೆ ಕೊಲೆಗಳು ತಾನಾಗಿ ನಿಲ್ಲುತ್ತವೆ" ಅಂದಿರಿ. ಜನ ಚಪ್ಪಾಳೆ ತಟ್ಟಿದರು. ಸತ್ತ ಹುಡುಗನ ತಾಯಿ ಅಲ್ಲೇ ಕೂತಿದ್ದರು. ಅವರ ಸಿಟ್ಟಿಗೆ ಎದುರಾಡುವ ಹಕ್ಕು ನನಗಿಲ್ಲ. ಆದರೆ ನೀವು ವಿಧಾನಸಭೆಯಲ್ಲಿ ಕೂರುವವರು. ನಿಲ್ಲುತ್ತೆ ಅಂದಮೇಲೆ ಎಲ್ಲಿ ನಿಂತಿದೆ ಅಂತ ತೋರಿಸಬೇಕು ಅಲ್ವಾ?

ಪಕ್ಕದ ಕೇರಳವನ್ನೇ ನೋಡಿ. ತಿರುವಾಂಕೂರು ಸಂಸ್ಥಾನ 1944ರಲ್ಲಿ ಮರಣದಂಡನೆ ತೆಗೆದಿತ್ತು. ಗಲ್ಲು ಇಲ್ಲದ 1945-50ರ ಅವಧಿಯಲ್ಲಿ ಅಲ್ಲಿ ಆದ ಕೊಲೆಗಳು 962. ಗಲ್ಲು ವಾಪಸು ಬಂದ ಮೇಲೆ, 1950-55ರಲ್ಲಿ, 967. ಜನಸಂಖ್ಯೆಯೂ ಬೆಳೆದಿರುತ್ತೆ, ಹಾಗಾಗಿ ಗಲ್ಲಿನಿಂದ ಕೊಲೆ ಹೆಚ್ಚಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ನಿಂತಿತು ಅಂತ ನೀವೂ ಹೇಳುವ ಹಾಗಿಲ್ಲ. ಕೆನಡಾ 1976ರಲ್ಲಿ ಕೊಲೆಗೆ ಗಲ್ಲು ಕೈಬಿಟ್ಟಿತು, ಅಲ್ಲಿ ಕೊಲೆ ಪ್ರಮಾಣ ಏರುವ ಬದಲು ಮುಂದಿನ ದಶಕಗಳಲ್ಲಿ ಇಳಿಯಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಗಲ್ಲು ಕೊಲೆಯನ್ನು ತಗ್ಗಿಸುತ್ತೋ ಹೆಚ್ಚಿಸುತ್ತೋ ಇವುಗಳಿಂದ ತಿಳಿಯುವುದಿಲ್ಲ, ಇವನ್ನು ನಂಬಿ ಕಾನೂನು ಮಾಡಬೇಡಿ ಅಂದಿತು. ನಮ್ಮದೇ ಕಾನೂನು ಆಯೋಗವೂ 2015ರಲ್ಲಿ, ಜೀವಾವಧಿ ಶಿಕ್ಷೆಗಿಂತ ಗಲ್ಲು ಜಾಸ್ತಿ ಹೆದರಿಸುತ್ತೆ ಅನ್ನುವುದಕ್ಕೆ ಆಧಾರವಿಲ್ಲ ಅಂತ ಬರೆದು, ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಹೂಡುವ ಅಪರಾಧ ಬಿಟ್ಟು ಉಳಿದೆಲ್ಲದಕ್ಕೂ ಅದನ್ನು ತೆಗೆಯಿರಿ ಅಂತ ಶಿಫಾರಸು ಮಾಡಿದೆ.

ಯಾಕೆ ಹೆದರಿಸುವುದಿಲ್ಲ? 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. ನಮ್ಮ ಕಡೆ ಅದು ಹೇಗೆ ಶುರುವಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಬದು ಒಂದಡಿ ಈಚೆ ಬಂತು ಅಂತ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುತ್ತೆ. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸಿಕೊಡಿ ಅಂತ, ಅರ್ಜಿ ಹಾಕುತ್ತಾರೆ, ಸರ್ವೆಯವರು ಇವತ್ತು ನಾಳೆ ಅನ್ನುತ್ತಾರೆ, ಅಷ್ಟರಲ್ಲಿ ಮನೆ ಹೆಂಗಸರ ನಡುವೆಯೂ ಮಾತು ನಿಂತುಹೋಗಿರುತ್ತೆ. ಒಂದು ಸಂಜೆ ಒಬ್ಬ ಕುಡಿದು ಬಂದು ಗಡಿಕಲ್ಲು ಕೀಳುತ್ತಾನೆ. ಇನ್ನೊಬ್ಬನ ಕೈಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಕುಡುಗೋಲು ಇರುತ್ತೆ. ಆ ಗಳಿಗೆಯಲ್ಲಿ ಅವನಿಗೆ ಹಿಂಡಲಗಾ ಜೈಲಿನ ನೇಣುಗಂಬ ನೆನಪಾಗುತ್ತಾ?

ಸುಪಾರಿ ಕೊಟ್ಟು ಕೊಲ್ಲಿಸುವವನು ಲೆಕ್ಕ ಹಾಕುತ್ತಾನೆ, ಒಪ್ಪುತ್ತೇನೆ. ಆದರೆ ಅವನ ಲೆಕ್ಕ ಶಿಕ್ಷೆ ಎಷ್ಟು ದೊಡ್ಡದು ಅನ್ನುವುದಲ್ಲ, ಸಿಕ್ಕಿಬೀಳುತ್ತೀನಾ, ಸಿಕ್ಕಿದರೂ ಕೇಸು ನಿಲ್ಲುತ್ತಾ ಅನ್ನುವುದು. ಕೋರ್ಟಿನಲ್ಲಿ ತೀರ್ಪಾಗುವ ಕೊಲೆ ಕೇಸುಗಳಲ್ಲಿ ಅರ್ಧದಷ್ಟರಲ್ಲೂ ಶಿಕ್ಷೆ ಆಗುತ್ತಿಲ್ಲ. ಪೊಲೀಸರು ಬರೆದ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚನೇ ವರ್ಷಗಳಾದ ಮೇಲೆ ಕಟಕಟೆಯಲ್ಲಿ ನಿಂತು, "ಸ್ಟೇಷನ್‌ಗೆ ಕರೆದು ಸಹಿ ಹಾಕಿಸಿಕೊಂಡ್ರು ಸ್ವಾಮಿ, ನಾನೇನೂ ನೋಡಿಲ್ಲ" ಅನ್ನುತ್ತಾನೆ. ಅವನನ್ನು ಬೈದು ಏನು ಪ್ರಯೋಜನ? ಆರೋಪಿ ಜಾಮೀನಿನ ಮೇಲೆ ಅದೇ ಊರಲ್ಲಿ ಓಡಾಡಿಕೊಂಡಿರುತ್ತಾನೆ. ಸಾಕ್ಷಿಗಳ ರಕ್ಷಣೆಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ನಮ್ಮೂರಿನ ಸಾಕ್ಷಿಗಳಿಗೆ ಅಂಥದ್ದೊಂದು ಇದೆ ಅನ್ನುವುದೇ ತಿಳಿದಿಲ್ಲ.

"ಜೀವಾವಧಿ ಅಂದರೆ ಹದಿನಾಲ್ಕು ವರ್ಷಕ್ಕೆ ಹೊರಗೆ ಬರುತ್ತಾರೆ" ಅಂತಲೂ ಅಂದಿರಿ. ಹಾಗೇನಿಲ್ಲ. ಹೆಂಡತಿಯನ್ನು ಕೊಂದ ಬೆಂಗಳೂರಿನ ಶ್ರದ್ಧಾನಂದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಗಲ್ಲು ತೆಗೆದು, ಉಸಿರಿರುವವರೆಗೂ ಹೊರಗೆ ಬಿಡಬಾರದು ಅಂತ ಹೇಳಿತು. ಆ ದಾರಿ ಇದೆ. ಮುಂದೊಂದು ದಿನ ತಪ್ಪು ಮನುಷ್ಯನನ್ನು ಹಿಡಿದಿದ್ದೆವು ಅಂತ ಗೊತ್ತಾದರೆ ಬಾಗಿಲು ತೆಗೆದು ಕಳಿಸಬಹುದು. ನೇಣಿಗೆ ಹಾಕಿದವನನ್ನು ಏನು ಮಾಡುತ್ತೀರಿ?

ಮುಂದಿನ ಅಧಿವೇಶನದಲ್ಲಿ ನಮ್ಮ ಪರವಾಗಿ ಗೃಹ ಸಚಿವರನ್ನು ಕೇಳಿ: ನಮ್ಮ ಜಿಲ್ಲೆಯಲ್ಲಿ ಎಷ್ಟು ಕೊಲೆ ಕೇಸು ಬಾಕಿ ಇವೆ, ಎಷ್ಟರಲ್ಲಿ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿಲ್ಲ, ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಸಿಕ್ಕಿದೆ? ತಾಲ್ಲೂಕಿನಲ್ಲಿ ಕೊಳೆಯುತ್ತಿರುವ ಹದ್ದುಬಸ್ತಿನ ಅರ್ಜಿಗಳ ಬಗ್ಗೆ ಕಂದಾಯ ಸಚಿವರನ್ನೂ ಕೇಳಿ. ಉತ್ತರ ಬಂದ ದಿನ ಅದೇ ತಾಲ್ಲೂಕು ಕಚೇರಿ ಮುಂದೆ, ಅದೇ ಮೈಕಿನಲ್ಲಿ ಓದಿ ಹೇಳಿ. ನಾವೆಲ್ಲ ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ