ವ್ಯಾನಿನ ಎರಡನೇ ಬ್ಯಾಟರಿಗೆ ಪೂರ್ಣ ಚಾರ್ಜ್ ತಲುಪದಿರುವ ಬಗ್ಗೆ ದೂರು

ಇವರಿಂದ:
ಖಾಸಗಿ ಪಶುವೈದ್ಯ, ತಿಪಟೂರು ತಾಲ್ಲೂಕು

ಇವರಿಗೆ:
ವ್ಯವಸ್ಥಾಪಕರು, ವಾಹನ ವೈರಿಂಗ್ ಮತ್ತು ಬ್ಯಾಟರಿ ಸೇವಾ ಕೇಂದ್ರ

ವಿಷಯ: ದೋಷಪೂರಿತ ವೈರಿಂಗ್ ಸರಿಪಡಿಸುವುದು ಹಾಗೂ ವಾರಂಟಿಯಡಿ ಬ್ಯಾಟರಿ ಬದಲಿಸಿಕೊಡುವುದು.

ಮಾನ್ಯರೇ,

ಹಳ್ಳಿಗಳಿಗೆ ಹೋಗಿ ರಾಸುಗಳಿಗೆ ಚಿಕಿತ್ಸೆ ನೀಡಲು ಬಳಸುವ ನನ್ನ ವ್ಯಾನಿನಲ್ಲಿ, ಲಸಿಕೆ ಇಡುವ ಫ್ರಿಜ್ಜಿಗಾಗಿ 100 ಆಂಪಿಯರ್-ಅವರ್‌ನ ಎರಡನೇ ಬ್ಯಾಟರಿಯನ್ನು ಹಿಂಭಾಗದಲ್ಲಿ ಕೂರಿಸಿ, ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ (ಎಂಜಿನ್ನಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಭಾಗ) ಅದು ಚಾರ್ಜ್ ಆಗುವಂತೆ ತಮ್ಮ ಕೇಂದ್ರದಲ್ಲಿ ವೈರಿಂಗ್ ಮಾಡಿಕೊಡಲಾಗಿತ್ತು. ಕಾಲುಬಾಯಿ ರೋಗದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು. ಆದರೆ ದಿನವಿಡೀ ವ್ಯಾನು ಓಡಿದರೂ ಸಂಜೆಯ ಹೊತ್ತಿಗೆ ಫ್ರಿಜ್ ನಿಂತುಹೋಗುತ್ತಿದೆ. ಕೆಟ್ಟ ಲಸಿಕೆಯನ್ನು ರೈತರ ಹಸುಗಳಿಗೆ ಚುಚ್ಚಲಾಗದೆ ಎಸೆಯಬೇಕಾಗಿ ಬಂದಿದೆ.

ಬ್ಯಾಟರಿ ಹಾಳಾಗಿದೆ, ಗ್ರಾಹಕರು ಅದನ್ನು ಪೂರ್ತಿ ಖಾಲಿ ಮಾಡಿ ಬಳಸಿದ್ದಾರೆ ಎಂಬ ಕಾರಣ ಕೊಟ್ಟು ತಮ್ಮ ಮೆಕ್ಯಾನಿಕ್ ವಾರಂಟಿಯನ್ನು ನಿರಾಕರಿಸಿದ್ದಾರೆ. ಎಂಜಿನ್ ನಿಲ್ಲಿಸಿ, ಫ್ರಿಜ್ ಆಫ್ ಮಾಡಿ, ವೈರಿನ ಎರಡೂ ತುದಿಗಳಲ್ಲಿ ಒಂದೇ ವೋಲ್ಟೇಜ್ ಬಂದದ್ದನ್ನು ತೋರಿಸಿ ವೈರಿಂಗ್ ಸರಿಯಿದೆ ಎಂದರು. ಈ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ವೈರಿನಲ್ಲಿ ಕರೆಂಟ್ ಹರಿಯದಿದ್ದಾಗ, ಅದು ಎಷ್ಟೇ ತೆಳುವಾಗಿದ್ದರೂ, ಜಾಯಿಂಟ್ ಎಷ್ಟೇ ಕೆಟ್ಟಿದ್ದರೂ, ವೋಲ್ಟೇಜ್ ಇಳಿಯುವುದೇ ಇಲ್ಲ.

ಆದ್ದರಿಂದ ಬೇರೊಬ್ಬ ಆಟೋ ಎಲೆಕ್ಟ್ರಿಷಿಯನ್ ಅವರಿಂದ ಎಂಜಿನ್ ಓಡಿಸಿ, 30 ಆಂಪಿಯರ್ ಹರಿಯುತ್ತಿರುವಾಗಲೇ ಪರೀಕ್ಷೆ ಮಾಡಿಸಿದೆ. ಆಲ್ಟರ್ನೇಟರಿನಲ್ಲಿ 14.2 ವೋಲ್ಟ್ ಇದ್ದರೆ ಹಿಂದಿನ ಬ್ಯಾಟರಿಗೆ ತಲುಪುತ್ತಿದ್ದದ್ದು 12.95 ಮಾತ್ರ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಪಾಸಿಟಿವ್‌ಗೂ ಇನ್ನೊಂದನ್ನು ಹಿಂದಿನ ಬ್ಯಾಟರಿಯ ಪಾಸಿಟಿವ್‌ಗೂ ಹಿಡಿದಾಗ 0.55 ವೋಲ್ಟ್ ಬಂತು. ಆರು ಮೀಟರ್ ಉದ್ದಕ್ಕೆ 6 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರೆ ಲೆಕ್ಕದ ಪ್ರಕಾರವೂ ಸುಮಾರು ಇಷ್ಟೇ ನಷ್ಟವಾಗುತ್ತದೆ. ಉಳಿದ 0.7 ವೋಲ್ಟ್ ನಷ್ಟವಾದದ್ದು ಅರ್ತ್ ಕಡೆಯಲ್ಲಿ, ಅಂದರೆ ಬ್ಯಾಟರಿಯ ನೆಗೆಟಿವ್‌ನಿಂದ ವ್ಯಾನಿನ ಬಾಡಿಯ ಮೂಲಕ ಕರೆಂಟ್ ಹಿಂತಿರುಗುವ ದಾರಿಯಲ್ಲಿ. ಅಲ್ಲಿನ ಬೋಲ್ಟ್ ಬಿಚ್ಚಿ ನೋಡಿದರೆ, ಬಾಡಿಯ ಪೇಂಟ್ ಕೆರೆಯದೆ ಅದರ ಮೇಲೆಯೇ ಲಗ್ (ವೈರಿನ ತುದಿಯ ಲೋಹದ ಬಳೆ) ಬಿಗಿಯಲಾಗಿತ್ತು. 0.7 ವೋಲ್ಟ್, 30 ಆಂಪಿಯರ್ ಎಂದರೆ ಆ ಒಂದು ಜಾಗದಲ್ಲೇ 21 ವ್ಯಾಟ್ ಶಾಖವಾಗುತ್ತದೆ. ಬೋಲ್ಟಿನ ಸುತ್ತಲಿನ ಪೇಂಟ್ ಕಂದಾಗಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಇಷ್ಟು ತೆಳು ವೈರಿಗೆ 80 ಆಂಪಿಯರಿನ ಫ್ಯೂಸ್ ಹಾಕಿರುವುದಂತೂ ಬೆಂಕಿಗೆ ದಾರಿ, ಇದನ್ನು ತಾವು ತಕ್ಷಣ ಗಮನಿಸಬೇಕು.

ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಲು 14 ವೋಲ್ಟ್‌ಗಿಂತ ಹೆಚ್ಚು ಸಿಗಬೇಕು. ಸದಾ ಅರೆಬರೆ ಚಾರ್ಜಿನಲ್ಲಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಸಾಮರ್ಥ್ಯವೇ ಕುಗ್ಗುತ್ತದೆ. ಅಂದರೆ ಈ ಬ್ಯಾಟರಿ ಹಾಳಾದದ್ದು ನನ್ನ ಬಳಕೆಯಿಂದಲ್ಲ, ತಮ್ಮವರ ಜೋಡಣೆಯಿಂದ. ಇದೇ ವೈರಿಂಗಿಗೆ ಹೊಸ ಬ್ಯಾಟರಿ ಕೂರಿಸಿದರೂ ಅದೂ ಹೀಗೆಯೇ ಹಾಳಾಗುತ್ತದೆ.

ಹಾಗಾಗಿ ಪಾಸಿಟಿವ್ ಮತ್ತು ಅರ್ತ್ ಎರಡಕ್ಕೂ 35 ಚದರ ಮಿಲಿಮೀಟರಿನ ಕೇಬಲ್ ಎಳೆದು, ಅರ್ತ್ ಕೇಬಲನ್ನು ನೇರವಾಗಿ ಮುಂದಿನ ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸಿ, ಎರಡೂ ಬ್ಯಾಟರಿಗಳ ಹತ್ತಿರ ಕೇಬಲಿಗೆ ತಕ್ಕ ಫ್ಯೂಸ್ ಹಾಕಿಕೊಡಬೇಕು. ಕೆಲಸ ಮುಗಿದ ಮೇಲೆ ನನ್ನೆದುರಿಗೇ 30 ಆಂಪಿಯರ್ ಹರಿಸಿ, ಒಟ್ಟು ಇಳಿಕೆ 0.3 ವೋಲ್ಟ್ ಮೀರದಿರುವುದನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು. ಬ್ಯಾಟರಿಯನ್ನು ಶುಲ್ಕವಿಲ್ಲದೆ ಬದಲಿಸಬೇಕು. ಅಳತೆಯ ಫೋಟೊಗಳು, ಬಿಲ್ ಮತ್ತು ವಾರಂಟಿ ಕಾರ್ಡಿನ ಪ್ರತಿಗಳನ್ನು ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)